ಅಧ್ಯಕ್ಷರ ಒಳಮನಸ್ಸೂ ಐದನೇ ನಂಬರಿನ ಉತ್ತರವೂ

ಅಗೇಟ್ ಕೋವ್, ಮಿಶಿಗನ್
ನವೆಂಬರ್ ೭, ಮಂಗಳವಾರ

ಡಾ. ಮೇರಿಯೆಲ್ ಸ್ಟ್ಯಾಂಡಿಷ್ ಅವರ ಸನ್ನಿಧಿಗೆ,
ನಾಯಕರ ಒಳಮನಸ್ಸಿನ ಮಾರ್ಗದರ್ಶಕರು, ಮಿನಿಯಾಪೊಲಿಸ್

(ಪ್ರತಿಗಳು: ಕಾರ್ಖಾನೆಯ ಊಟದ ಕೋಣೆಯ ಗೋಡೆಗೆ ಒಂದು, ಊರಿನ ವಾರಪತ್ರಿಕೆಗೆ ಒಂದು)

ಮಾನ್ಯರೇ,

ಸುಪೀರಿಯರ್ ಸರೋವರದ ಈ ದಂಡೆಯಿಂದ, ಈ ಸಲದ ಮೂರನೆಯ ಹಿಮವನ್ನು ಮನೆಯ ಮೆಟ್ಟಿಲಿನಿಂದ ಎತ್ತಿಹಾಕಿ ಬಂದು ಕುಳಿತು, ತಮಗೆ ಅನಂತ ವಂದನೆಗಳನ್ನು ಸಲ್ಲಿಸುತ್ತಿದ್ದೇನೆ. ತಾವು ಕ್ಷೇಮವಾಗಿದ್ದೀರೆಂದೂ ತಮ್ಮ ಒಳಮನಸ್ಸು ಅದಕ್ಕಿಂತ ಹೆಚ್ಚು ಕ್ಷೇಮವಾಗಿದೆಯೆಂದೂ ನಂಬಿದ್ದೇನೆ. ಹಲ್ಲಿನ ಡಾಕ್ಟರ ಹಲ್ಲು ಕೀಳುವುದಕ್ಕೆ ಇನ್ನೊಬ್ಬ ಡಾಕ್ಟರು ಬೇಕಾಗುವಂತೆ, ತಮ್ಮ ಒಳಗನ್ನು ನೋಡುವುದಕ್ಕೂ ಎಲ್ಲೋ ಯಾರೋ ಒಬ್ಬರು ಇರಬೇಕು. ಅವರಿಗೂ ನನ್ನ ನಮಸ್ಕಾರಗಳನ್ನು ತಿಳಿಸಬೇಕಾಗಿ ವಿನಂತಿ.

ನನ್ನ ಹೆಸರು ಲೋರ್ನಾ ಹಕಾಲಾ. ರಸ್ತೆಯ ಹಿಮ ತಳ್ಳುವ ಲಾರಿಗಳಿಗೆ ಉಕ್ಕಿನ ಬ್ಲೇಡು ಮಾಡಿಕೊಡುವ ನಾರ್ತ್ ಪಿಯರ್ ಕಂಪನಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಅಧ್ಯಕ್ಷರ ಕಾರ್ಯದರ್ಶಿಯಾಗಿದ್ದೇನೆ. ತಾವು ಏಪ್ರಿಲ್‌ನಿಂದ ಎರಡು ವಾರಕ್ಕೊಮ್ಮೆ ಇಲ್ಲಿಗೆ ದಯಮಾಡಿಸುತ್ತಿದ್ದಾಗ ತಮ್ಮ ಕೋಟನ್ನು ಈಸಿಕೊಂಡು, ತಮಗೆ ಒಗ್ಗುವ ಓಟ್ಸಿನ ಹಾಲನ್ನು ನಲವತ್ತು ಮೈಲಿ ಆಚೆಯಿಂದ ತರಿಸಿ, ಕಾಫಿ ಮಾಡಿಕೊಟ್ಟವಳು ನಾನೇ. ತಾವು ನನ್ನನ್ನು ಒಮ್ಮೆ ಲಿಂಡಾ ಎಂದೂ ಒಮ್ಮೆ ನೋರಾ ಎಂದೂ ಕರೆದಿರಿ, ಆದರೆ ಎರಡು ಸಲವೂ ಬಹಳ ಪ್ರೀತಿಯಿಂದ ಕರೆದಿರಿ.

ಇದನ್ನು ದೂರಿನ ಪತ್ರವೆಂದು ತಾವು ಭಾವಿಸಬಾರದು. ತಮ್ಮ ಸೇವೆಯಲ್ಲಿ ಒಂದೇ ಒಂದು ಕೊರತೆ ನನಗೆ ಕಂಡಿಲ್ಲ. ಅದು ಎಷ್ಟು ಸಂಪೂರ್ಣವಾಗಿದೆಯೆಂದರೆ, ಈ ಶುಕ್ರವಾರ ಸಂಜೆ, ಬಣ್ಣದ ವಿಭಾಗದ ಮೇಸ್ತ್ರಿ ವೇಯ್ನ್ ಕಿವೆಲಾ, ಮೂವತ್ತೊಂದು ವರ್ಷದ ದುಡಿಮೆಯ ನಂತರ, ತಾನು ಆಡದೇ ಇದ್ದ ಒಂದು ಮಾತಿಗಾಗಿ ಕೆಲಸ ಕಳೆದುಕೊಂಡು ಮನೆಗೆ ಹೋಗಲಿದ್ದಾನೆ. ಇಂಥ ಫಲ ಹೇಗೆ ದೊರಕಿತು ಎಂಬುದನ್ನು ಕ್ರಮವಾಗಿ ನಿವೇದಿಸಿಕೊಳ್ಳಲು ಅಪ್ಪಣೆಯಾಗಬೇಕು.

ನಮ್ಮ ಅಧ್ಯಕ್ಷರಾದ ಬ್ರೆಂಟ್ ಲೋಫ್ಟಸ್ ಅವರು ತಮಗೊಬ್ಬ ಕೋಚ್ ಬರುತ್ತಾರೆಂದು ತಿಳಿಸಿದಾಗ ಊಟದ ಕೋಣೆಯಲ್ಲಿ ಸಂತೋಷವೇ ಆಯಿತು. ನಮ್ಮೂರಲ್ಲಿ ಕೋಚ್ ಎಂದರೆ ಹೈಸ್ಕೂಲಿನ ಐಸ್ ಹಾಕಿ ಹುಡುಗರ ಮೇಲೆ ಗಂಟಲು ಹರಿಯುವಂತೆ ಕೂಗುವವರು. ವೇಯ್ನ್ ತನ್ನ ಮಾಂಸದ ಪ್ಯಾಸ್ಟಿ ಕಡುಬಿನ ತುದಿ ಮುರಿಯುತ್ತಾ, "ಒಳ್ಳೇದಾಯ್ತು ಬಿಡಿ. ಸೇತುವೆ ಆಚೆ ದಕ್ಷಿಣದಿಂದ ಬಂದೋನು, ನಾಲ್ಕು ವರ್ಷ ಆಯ್ತು, ಪಾರ್ಕಿಂಗಿನ ಐಸ್ ಮೇಲೆ ಇನ್ನೂ ನೆಟ್ಟಗೆ ನಿಲ್ಲೋಕ್ಕೆ ಬರಲ್ಲ" ಅಂದ. ತಾವು ಕಲಿಸಬಂದದ್ದು ಕಾಲಿನ ವಿದ್ಯೆಯಲ್ಲ, ಮನಸ್ಸಿನದು ಎಂದು ತಿಳಿಯಲು ನಮಗೆ ಒಂದು ವಾರ ಬೇಕಾಯಿತು.

ಅದಕ್ಕೆ ಮೊದಲು ಬ್ರೆಂಟ್ ಅವರು ಎಂಥವರಾಗಿದ್ದರು ಎಂಬುದನ್ನು ದಾಖಲೆಗಾಗಿ ಹೇಳುತ್ತೇನೆ. ಕೂಗುತ್ತಿದ್ದರು. ಏನಾದರೂ ಕೆಟ್ಟರೆ ಕಿವಿಯವರೆಗೆ ಕೆಂಪಾಗಿ "ಯಾವನು ಮಾಡಿದ್ದು ಇದು" ಎಂದು ಕಾರ್ಖಾನೆಯ ಮಧ್ಯೆ ನಿಂತು ಕೇಳುತ್ತಿದ್ದರು, ಮಾಡಿದವನು ಕೈಯೆತ್ತುತ್ತಿದ್ದ, ಐದು ನಿಮಿಷ ಬೈಗುಳ, ಆರನೇ ನಿಮಿಷಕ್ಕೆ ಏನು ಮಾಡಬೇಕೆಂಬ ತೀರ್ಮಾನ, ಮರುದಿನ ಬೆಳಿಗ್ಗೆ ಎಲ್ಲರಿಗೂ ಡೋನಟ್. ಒರಟು ಮನುಷ್ಯ, ಆದರೆ ಆ ಒರಟುತನಕ್ಕೆ ಒಂದು ಕೊನೆ ಇತ್ತು.

ತಮ್ಮ ಕೃಪೆಯಿಂದ ಈಗ ಅವರು ಕೂಗುವುದಿಲ್ಲ. ಬೆಸುಗೆಯ ಕರ್ಟಿಸ್ ಜೂನ್ ತಿಂಗಳಲ್ಲಿ ಬಿರುಕು ಬಿಟ್ಟ ಬ್ಲೇಡೊಂದನ್ನು ತೋರಿಸಲು ಕರೆದಾಗ ಅವರು ಅದರ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತು, "ಈ ಬಿರುಕು ನೋಡಿ ನಿನಗೆ ಒಳಗೆ ಏನನ್ನಿಸ್ತಿದೆ, ಕರ್ಟಿಸ್?" ಎಂದು ಕೇಳಿದರು. ಕರ್ಟಿಸ್, "ಬೆಸುಗೆ ತಂತಿ ಸರಿ ಇಲ್ಲ, ಬೇರೆ ತರಿಸಿ ಅನ್ನಿಸ್ತಿದೆ" ಅಂದ. "ಅದು ಅನಿಸಿಕೆ ಅಲ್ಲ, ಬೇಡಿಕೆ. ಇನ್ನೂ ಆಳಕ್ಕೆ ಹೋಗು" ಎಂದರು ಅಧ್ಯಕ್ಷರು. ಕರ್ಟಿಸ್ ಆಳಕ್ಕೆ ಹೋಗಿ ಮುಕ್ಕಾಲು ಗಂಟೆ ಅಲ್ಲೇ ಇದ್ದ. ತಂತಿ ಬಂದದ್ದು ಆಗಸ್ಟಿನಲ್ಲಿ.

ತಾವು ವಾರವಾರವೂ ಕೊಡುತ್ತಿದ್ದ ಆತ್ಮಾವಲೋಕನದ ಪ್ರಶ್ನೆಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಅಧ್ಯಕ್ಷರು ತಮ್ಮ ಒಳಮನಸ್ಸನ್ನು ನನಗೆ ಹೇಳಿ ಬರೆಸುತ್ತಿದ್ದರು, ನಾನು ಟೈಪು ಮಾಡುತ್ತಿದ್ದೆ. ಇಪ್ಪತ್ತಾರು ವರ್ಷದಲ್ಲಿ ಉಕ್ಕಿನ ದರಪಟ್ಟಿ ಬಿಟ್ಟು ಬೇರೇನನ್ನೂ ಟೈಪು ಮಾಡದ ನನಗೆ ಇದೊಂದು ಬದಲಾವಣೆ. ಕೆಲವು ವಾರ ಅವರಿಗೆ ಪುರುಸೊತ್ತಿರುತ್ತಿರಲಿಲ್ಲ. "ನನ್ನ ಭಯದ ಮೂಲ ಯಾವುದು ಅಂತ ನೀನೇ ಏನಾದ್ರೂ ಚೆನ್ನಾಗಿರೋದು ಬರಿ, ಲೋರ್ನಾ, ನಂಗೊಂದು ಫೋನ್ ಇದೆ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಾನು ಮಧ್ಯಾಹ್ನದ ಊಟ ಮಾಡುತ್ತಾ ಬರೆದೆ. ತಾವು ಆ ಪುಟದ ಅಂಚಿನಲ್ಲಿ "ಅಪೂರ್ವವಾದ ಆಳ, ಇದು ನಿಜವಾದ ತಿರುವು" ಎಂದು ನೇರಳೆ ಬಣ್ಣದ ಶಾಯಿಯಲ್ಲಿ ಬರೆದು ಕಳಿಸಿದಿರಿ. ತಮ್ಮ ಆ ಮೆಚ್ಚುಗೆಯನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ನಾಯಕರು ತಮ್ಮ ಒಳಮನಸ್ಸನ್ನು ಅರಿಯುವುದಕ್ಕೆ ತಮ್ಮ ಮಾರ್ಗ ಬಹಳ ಸುಲಭ. ಒಬ್ಬ ಕಾರ್ಯದರ್ಶಿ ಇದ್ದರೆ ಸಾಕು.

ಆದರೆ ನ್ಯಾಯವಾಗಿ ಹೇಳುವುದಾದರೆ ಒಂದು ಪ್ರಶ್ನೆಯನ್ನು ಅವರು ನನಗೆ ಬಿಡಲಿಲ್ಲ. "ನಿಮಗೆ ನಿಜ ಹೇಳುವವರು ಯಾರು?" ಎಂಬ ಪ್ರಶ್ನೆ. ಅದನ್ನು ಓದಿ ಅವರು ಕಿಟಕಿಯ ಕಡೆ ತಿರುಗಿದರು. ಆಮೇಲೆ, "ಯಾರೂ ಇಲ್ಲ ಅಂತ ಬರಿ" ಅಂದರು. ಆ ಧ್ವನಿಯಲ್ಲಿ ನಾಟಕ ಇರಲಿಲ್ಲ. ಆ ದಿನ ನನಗೆ ಆ ಮನುಷ್ಯನ ಮೇಲೆ ನಿಜವಾಗಿ ಮರುಕ ಹುಟ್ಟಿತು. ಮುಂದೆ ಆದದ್ದೆಲ್ಲ ಆ ಮರುಕದ ಫಲ. ಅದನ್ನೂ ತಮ್ಮ ಸಾಧನೆಗಳ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಸೆಪ್ಟೆಂಬರಿನಲ್ಲಿ ತಾವು ಅಧ್ಯಕ್ಷರ ಸುತ್ತ ಕೆಲಸ ಮಾಡುವ ಎಂಟು ಜನರನ್ನು ಆರಿಸಿ ಒಬ್ಬೊಬ್ಬರಿಗೂ ಫೋನ್ ಮಾಡಿದಿರಿ. ಅವರ ಬಗ್ಗೆ ಮನಸ್ಸಿನಲ್ಲಿರುವುದನ್ನು ಹೇಳಿ, ಹೆಸರು ಎಲ್ಲೂ ಬರುವುದಿಲ್ಲ, ಒಂದರಿಂದ ಎಂಟರವರೆಗೆ ನಂಬರು ಮಾತ್ರ, ಇದು ಬೀಗ ಹಾಕಿದ ಪೆಟ್ಟಿಗೆ ಎಂದು ಭರವಸೆ ಕೊಟ್ಟಿರಿ. ಎರಡೂವರೆ ಸಾವಿರ ಜನರ ಊರಿನಲ್ಲಿ, ಚರ್ಚಿನ ಹಿಂದಿನ ಸಾಲಿನಲ್ಲಿ ಕೆಮ್ಮಿದವರು ಯಾರೆಂದು ಮುಂದಿನ ಸಾಲಿನವರು ತಿರುಗದೆ ಹೇಳುವ ಊರಿನಲ್ಲಿ, ಲಾರಿಯ ಸದ್ದು ಕೇಳಿ ಅದರೊಳಗಿನ ನಾಯಿಯ ಹೆಸರು ಹೇಳುವ ಊರಿನಲ್ಲಿ, ನಂಬರು ಹಚ್ಚಿದರೆ ಮನುಷ್ಯ ಮರೆಯಾಗುತ್ತಾನೆಂದು ನಂಬಿದ ತಮ್ಮ ಮುಗ್ಧತೆಗೆ ನಾನು ತಲೆಬಾಗುತ್ತೇನೆ. ಅದನ್ನು ನಂಬಿದ ನನ್ನ ಮುಗ್ಧತೆಗೂ ಒಂದಿಷ್ಟು ತಲೆಬಾಗುತ್ತೇನೆ.

ಏಕೆಂದರೆ ಐದನೇ ನಂಬರು ನಾನು.

"ನಿಮ್ಮ ನಾಯಕರನ್ನು ಒಂದು ಚಿತ್ರದಲ್ಲಿ ವರ್ಣಿಸಿ" ಎಂದು ತಾವು ಕೇಳಿದಿರಿ. ನಾನು ಹೇಳಿದೆ: "ಜಿಂಕೆ ಕಣ್ಣಿಗೆ ಬೀಳೋ ಮೊದಲೇ ಪೊದೆ ಅಲ್ಲಾಡಿದ ಕಡೆಗೆ ಗುಂಡು ಹೊಡೆಯೋ ಬೇಟೆಗಾರ ಅವರು. ಮೊದಲು ಕೂಗಿ ಹೊಡೀತಿದ್ರು, ಈಗ ಮೆತ್ತಗೆ ಮಾತಾಡಿ ಹೊಡೀತಾರೆ. ಪೊದೆ ಒಳಗೆ ಇರೋರು ನಾವು." ಇದು ನನ್ನ ಸ್ವಂತ ಮಾತು. ಎಂಟು ವರ್ಷದ ಹಿಂದೆ ನನ್ನ ಮೈದುನ ಹೀಗೇ ಪೊದೆಗೆ ಗುಂಡು ಹಾರಿಸಿ ತನ್ನದೇ ಪಿಕಪ್ ಗಾಡಿಯ ರೇಡಿಯೇಟರಿಗೆ ತೂತು ಮಾಡಿಕೊಂಡಾಗ ಬೇಟೆಯ ಕ್ಯಾಂಪಿನಲ್ಲಿ ಎಲ್ಲರೆದುರು ಆಡಿದ್ದು. ಅಧ್ಯಕ್ಷರಿಗೆ ಸ್ವಲ್ಪ ಹೊಲಿದು ತೊಡಿಸಿದೆ, ಅಷ್ಟೆ. ಆ ಕ್ಯಾಂಪು ವೇಯ್ನ್ ಮತ್ತು ಅವನ ಹೆಂಡತಿ ಡಾಟ್ ಅವರದು. ನನ್ನ ಗಂಡ ಗ್ಲೆನ್ ತೀರಿಕೊಂಡ ಮೇಲೆ ಪ್ರತಿ ವರ್ಷ ನವೆಂಬರ್ ಹದಿನೈದಕ್ಕೆ ನಾನು ಅಲ್ಲಿಂದಲೇ ಬೇಟೆಗೆ ಹೋಗುವುದು.

ಈ ಎಂಟು ಉತ್ತರಗಳ ವರದಿ ಅಕ್ಟೋಬರಿನಲ್ಲಿ ಬಂತು. ನಾಯಕರು ಅದನ್ನು ಕನ್ನಡಿಯಂತೆ ಹಿಡಿದು ತಮ್ಮ ಮುಖ ನೋಡಿಕೊಳ್ಳಬೇಕೆಂಬುದು ತಮ್ಮ ಆಶಯವಿದ್ದಿರಬೇಕು. ಅಧ್ಯಕ್ಷರು ಅದನ್ನು ಕಿಟಕಿಯೆಂದು ತಿಳಿದು ನಮ್ಮ ಮುಖ ಹುಡುಕಿದರು. ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂದು ನಾವು ಅಂದುಕೊಂಡಿದ್ದೆವು, ಆದರೆ ಕನ್ನಡಿ ಕೊಟ್ಟರೂ ಅಂಗೈ ತೋರಿಸದವರಿಗೆ ಏನು ಮಾಡುವುದು? ಎಂಟು ಬಣ್ಣದ ಪೆನ್ನು ತರಿಸಿದರು. ನಾನೇ ತಂದುಕೊಟ್ಟೆ. ನಾಲ್ಕು ದಿನ ಕುಳಿತು, ಈ ಪದ ಯಾರದು, ಆ ಗಾದೆ ಯಾರ ಬಾಯಿಯದು ಎಂದು ಗೆರೆ ಎಳೆದರು. ಆರು ನಂಬರುಗಳನ್ನು ಸರಿಯಾಗಿಯೇ ಕಂಡುಹಿಡಿದರು ಎಂದು ಹೇಳಲು ನನಗೆ ಹೆಮ್ಮೆಯಾಗುತ್ತದೆ. 'ಹೇಳೋದೇನೂ ಇಲ್ಲ' ಎಂದಷ್ಟೇ ಇದ್ದ ಎಂಟನೆಯದು ವೇಯ್ನನದು, ಅದನ್ನು ನನ್ನದೆಂದುಕೊಂಡರು.

ಐದನೆಯದರಲ್ಲಿ ಎಡವಿದರು. ಬೇಟೆಯ ಮಾತು, ಆದ್ದರಿಂದ ಗಂಡಸು. ಗಂಡಸು, ಆದ್ದರಿಂದ ಕಾರ್ಖಾನೆಯ ಕಡೆಯವನು. ಎಂಟು ಜನರಲ್ಲಿ ಕಾರ್ಖಾನೆಯ ಕಡೆಯವನು, ಬೇಟೆಗೆ ಹೋಗುವವನು ವೇಯ್ನ್ ಒಬ್ಬನೇ. ತರ್ಕದಲ್ಲಿ ದೋಷವಿಲ್ಲ. ಹುಟ್ಟುಹಬ್ಬದ ಕಾರ್ಡುಗಳಿಗೆ ರಿಬ್ಬನ್ನು ಕಟ್ಟುವ ಲೋರ್ನಾ ಹದಿನಾಲ್ಕನೇ ವಯಸ್ಸಿನಿಂದ ಜಿಂಕೆ ಹೊಡೆದು, ತಾನೇ ಹಸಿಗೆ ಮಾಡಿ, ಹೆಗಲಿಗೆ ಹಗ್ಗ ಹಾಕಿ ಎಳೆದು ತರುತ್ತಾಳೆಂಬುದು ಅವರ ಒಳಮನಸ್ಸಿಗಾಗಲಿ ಹೊರಮನಸ್ಸಿಗಾಗಲಿ ಹೊಳೆಯಲಿಲ್ಲ. ನನ್ನ ಕುರ್ಚಿಯ ಹಿಂದಿನ ಗೋಡೆಯಲ್ಲಿ ಎಂಟು ಕವಲಿನ ಒಂದು ಕೊಂಬಿದೆ, ಅದರ ಕೆಳಗೆ ಹಿತ್ತಾಳೆಯ ಫಲಕದಲ್ಲಿ ನನ್ನ ಹೆಸರಿದೆ. ಅಧ್ಯಕ್ಷರು ನಾಲ್ಕು ವರ್ಷದಿಂದ ಅದಕ್ಕೆ ತಮ್ಮ ಕೋಟು ನೇತುಹಾಕುತ್ತಿದ್ದಾರೆ.

ಅಕ್ಟೋಬರ್ ಇಪ್ಪತ್ತೇಳು, ಶುಕ್ರವಾರ. ತಮ್ಮ ಉಪದೇಶದಂತೆ ಅಧ್ಯಕ್ಷರ ಬಾಗಿಲು ಈಗ ಸದಾ ತೆರೆದಿರುತ್ತದೆ, ಹಾಗಾಗಿ ನಾನು ಎಲ್ಲವನ್ನೂ ಕೇಳಿದೆ. ವೇಯ್ನನನ್ನು ಕೂರಿಸಿ, ಮೊದಲು ಅವನ ಕೊಡುಗೆಗಳಿಗೆ ಕೃತಜ್ಞತೆ ಹೇಳಿ, ಆಮೇಲೆ ಹಾಳೆಯನ್ನು ಮುಂದೆ ತಳ್ಳಿದರು. "ನಾನು ಸಿಟ್ಟು ಮಾಡ್ಕೊಂಡಿಲ್ಲ, ವೇಯ್ನ್. ಬರೀ ಕುತೂಹಲ. ಐದು ನೀನೇ ಅಲ್ವಾ?" ವೇಯ್ನ್ ಓದಿದ. ಅವನು ತಲೆಯೆತ್ತಿ, ಬಾಗಿಲಿನಾಚೆ ಕುಳಿತಿದ್ದ ನನ್ನ ಕಡೆಗೆ ತಪ್ಪಿಯೂ ನೋಡದೆ, "ನಿಮಗೆ ಹಾಗನ್ನಿಸಿದ್ರೆ ಹಾಗೇ ಇಟ್ಕೊಳ್ಳಿ" ಅಂದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಎಮ್ಮೆ ತಾನೇ ಬಂದು ಬೆನ್ನು ಕೊಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಒಂದು ಗಂಟೆಯ ನಂತರ ಅಧ್ಯಕ್ಷರು ನನಗೊಂದು ಕರಡು ಕೊಟ್ಟರು. "ನಂಬಿಕೆಯ ವಲಯದಲ್ಲಿ ಉಂಟಾದ ಬಿರುಕಿನ ಹಿನ್ನೆಲೆಯಲ್ಲಿ, ತಮ್ಮ ಮುಂದಿನ ಪಯಣಕ್ಕೆ ತಮ್ಮನ್ನು ಪ್ರೀತಿಯಿಂದ ಬಿಡುಗಡೆ ಮಾಡುತ್ತಿದ್ದೇವೆ." ವೇಯ್ನನ ಮುಂದಿನ ಪಯಣ ಯಾವುದೆಂದು ಬರೆದಿರಲಿಲ್ಲ. ಅವನಿಗೆ ಅರವತ್ತೊಂದು ವರ್ಷ. ಡಾಟ್‌ಳ ಸಂಧಿವಾತದ ಬೆರಳುಗಳು ಮಡಚುವುದು ಎರಡು ವಾರಕ್ಕೊಂದು ಇಂಜೆಕ್ಷನ್ನಿನ ಬಲದಿಂದ, ಆ ಇಂಜೆಕ್ಷನ್ನಿನ ವಿಮೆ ನಿಂತಿರುವುದು ವೇಯ್ನನ ನೌಕರಿಯ ಮೇಲೆ. ಆ ಪತ್ರವನ್ನು ಟೈಪು ಮಾಡಿದವಳು ನಾನು, ಮಾನ್ಯರೇ. ಒಂದು ಅಕ್ಷರವೂ ತಪ್ಪದಂತೆ ಟೈಪು ಮಾಡಿದೆ. ಬಾಯಿ ತೆರೆಯಲಿಲ್ಲ. ನಾನು ಹೆದರಿದ್ದೆ, ಇದಕ್ಕೆ ತಮ್ಮಲ್ಲಿ ಇನ್ನೂ ಸೊಗಸಾದ ಪದವಿರಬಹುದು, ನನಗೆ ಗೊತ್ತಿರುವುದು ಇದೊಂದೇ.

ಆ ಶುಕ್ರವಾರ ಕಳೆದು ಸೋಮವಾರ ತಮಗೆ ಫೋನ್ ಮಾಡಿದೆ, ನೆನಪಿರಬಹುದು. ಐದನೇ ನಂಬರು ವೇಯ್ನ್ ಅಲ್ಲವೆಂದು ತಾವು ಒಂದು ಮಾತು ಅಧ್ಯಕ್ಷರಿಗೆ ಹೇಳಿದರೆ ಸಾಕು ಎಂದು ಬೇಡಿಕೊಂಡೆ. ಗೌಪ್ಯತೆ ತಮ್ಮ ವೃತ್ತಿಯ ಪವಿತ್ರ ನಿಯಮವೆಂದೂ, ಯಾವ ನಂಬರು ಯಾರು ಎಂಬುದನ್ನಾಗಲಿ ಯಾರು ಅಲ್ಲ ಎಂಬುದನ್ನಾಗಲಿ ತಾವು ಪ್ರಾಣ ಹೋದರೂ ಹೇಳಲಾರಿರೆಂದೂ ತಿಳಿಸಿದಿರಿ. ಮಾತಾಡಿದವರನ್ನು ಕಾಪಾಡಲಾರದ ಗೌಪ್ಯತೆ, ಮಾತಾಡದವನ ತಲೆಯ ಮೇಲೆ ಬಿದ್ದ ತಪ್ಪನ್ನು ಮಾತ್ರ ಇಷ್ಟು ಭದ್ರವಾಗಿ ಕಾಪಾಡುವುದನ್ನು ನೋಡಿ ನನಗೆ ರೋಮಾಂಚನವಾಯಿತು. ಫೋನ್ ಇಡುವ ಮೊದಲು ತಾವು, "ಈ ಸಂಗತಿ ನಿನ್ನೊಳಗೆ ಏನನ್ನ ಎಬ್ಬಿಸ್ತಿದೆ, ಲಿಂಡಾ?" ಎಂದು ಕೇಳಿದಿರಿ. ಅದಕ್ಕೆ ಈಗ ಉತ್ತರಿಸುತ್ತಿದ್ದೇನೆ.

ಕಳೆದ ಶನಿವಾರ ಮಧ್ಯಾಹ್ನ ವೇಯ್ನನ ಮನೆಗೆ ಹೋದೆ. ಗ್ಯಾರೇಜಿನಲ್ಲಿ ಬೇಟೆಯ ಕಿತ್ತಳೆ ಬಣ್ಣದ ಕೋಟುಗಳನ್ನು ಗಾಳಿಗೆ ಹಾಕುತ್ತಿದ್ದ. ಅವನದು, ಡಾಟ್‌ಳದು, ನನ್ನದು. ನನ್ನನ್ನು ನೋಡಿದ ಕೂಡಲೇ, "ಶುರು ಮಾಡ್ಬೇಡ ಕಣೆ" ಅಂದ. "ಆ ಮಾತು ನಂದು ಅಂತ ನಿಂಗೆ ಗೊತ್ತಿತ್ತು" ಅಂದೆ. "ಗೊತ್ತಿಲ್ದೆ ಏನು? ನಿನ್ನ ಮೈದುನ ರೇಡಿಯೇಟರ್ ಮುಂದೆ ಕೂತು ಅಳ್ತಿದ್ದಾಗ ಟಾರ್ಚ್ ಹಿಡ್ದಿದ್ದೋನು ನಾನು." ಮತ್ತೆ ಯಾಕೆ ಒಪ್ಪಿಕೊಂಡೆ ಎಂದು ಕೇಳಿದೆ. ಅವನು ನನ್ನ ಕೋಟಿನ ಗುಂಡಿಯನ್ನು ಹಾಕಿ, ತೆಗೆದು, ಮತ್ತೆ ಹಾಕಿದ. "ಗ್ಲೆನ್ ಹೋದ್ಮೇಲೆ ನಿಂಗೆ ಬೆಳಿಗ್ಗೆ ಎದ್ದು ಹೋಗೋಕ್ಕೆ ಅಂತ ಇರೋದು ಆ ಆಫೀಸೊಂದೇ ಜಾಗ, ಲೋರ್ನಾ. ನಂಗೆ ಡಾಟ್ ಇದಾಳೆ." ನಾನು ಅಲ್ಲೇ, ಬಣ್ಣದ ಡಬ್ಬಗಳ ಮೇಲೆ ಕುಳಿತು ಅತ್ತೆ. ಅವನು ನನಗೆ ಸಮಾಧಾನ ಹೇಳಲಿಲ್ಲ, ನನ್ನ ಒಳಗೆ ಏನಾಗುತ್ತಿದೆ ಎಂದು ವಿಚಾರಿಸಲಿಲ್ಲ, ಪಕ್ಕದಲ್ಲಿ ಇನ್ನೊಂದು ಡಬ್ಬ ಮಗುಚಿ ಹಾಕಿಕೊಂಡು ಕುಳಿತ. ಆಮೇಲೆ ಡಾಟ್ ಬಂದು, ಸೌನಾದ ಹಬೆ ಕೋಣೆ ಕಾದಿದೆ, ಅಳೋದೇ ಆದ್ರೆ ಒಳಗೆ ಬಂದು ಅಳು, ಬೆವರಿನ ಜೊತೆ ಲೆಕ್ಕಕ್ಕೆ ಸಿಗಲ್ಲ ಅಂದಳು.

ನಿನ್ನೆ, ಸೋಮವಾರ, ಅಧ್ಯಕ್ಷರ ತೆರೆದ ಬಾಗಿಲಿನಿಂದ ಒಳಗೆ ಹೋಗಿ ಹೇಳಿದೆ: ಐದನೇ ನಂಬರು ನಾನು. ಇಲ್ಲಿಯವರೆಗಿನ ಕಥೆಯಲ್ಲಿ ತಮ್ಮ ವಿದ್ಯೆಯ ಶಿಖರ ಇದೇ. ಅವರು ನಂಬಲಿಲ್ಲ. ತಾವು ಕೊಟ್ಟ ಪುಸ್ತಿಕೆಯನ್ನು ಡ್ರಾಯರಿನಿಂದ ತೆಗೆದು, ಮನುಷ್ಯರ ಒಂಬತ್ತು ಮನೋಭಾವಗಳ ಪುಟವನ್ನು ತಿರುವಿ, ಆರನೆಯದರ ಮೇಲೆ ಬೆರಳಿಟ್ಟರು. "ಇದು ನೀನು, ಲೋರ್ನಾ. ಕಾಪಾಡುವವಳು. ಬೇರೆಯವರ ಪಾಪ ತಲೆ ಮೇಲೆ ಹಾಕ್ಕೊಳ್ಳೋದು ನಿನ್ನ ಹಳೇ ಅಭ್ಯಾಸ. ಇದರ ಬೇರು ಬಾಲ್ಯದಲ್ಲಿರುತ್ತೆ." ನಾನು ಕ್ಯಾಂಪಿನ ಕಥೆ ಹೇಳಿದೆ, ಮೈದುನನ ಹೆಸರು ಹೇಳಿದೆ, ರೇಡಿಯೇಟರಿನ ರಿಪೇರಿ ಮಾಡಿದವನ ಹೆಸರೂ ಹೇಳಿದೆ. ಅವರು ಕಣ್ಣು ಒದ್ದೆ ಮಾಡಿಕೊಂಡು ಕೇಳಿದರು. "ನಿನ್ನ ಈ ಕಥೆಯನ್ನ ನಾನು ಗೌರವಿಸ್ತೀನಿ" ಅಂದರು. ನಿಜ ಹೇಳುವವರು ಯಾರೂ ಇಲ್ಲವೆಂದು ಕಿಟಕಿಯ ಕಡೆ ತಿರುಗಿ 'ಬರಿ' ಎಂದ ಅದೇ ಮನುಷ್ಯ, ನಿಜ ಹೇಳಲು ಬಂದವಳಿಗೆ ಒಂದು ಲೋಟ ನೀರು ಕೊಟ್ಟು ಹೊರಗೆ ಕಳಿಸಿದರು.

ಹಿಂದಿನ ಬ್ರೆಂಟ್ ಆಗಿದ್ದರೆ ಕೂಗುತ್ತಿದ್ದರು, ಮೇಜು ಗುದ್ದುತ್ತಿದ್ದರು, ಆದರೆ ನಂಬುತ್ತಿದ್ದರು. ಇದನ್ನು ತಮ್ಮ ಗಮನಕ್ಕೆ ತರದೆ ಇರಲಾರೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ತಮ್ಮಂಥ ಸಮರ್ಥರಿಗೆ ಇವು ಕಷ್ಟವಾಗಲಾರವು. ಏಪ್ರಿಲ್‌ನಲ್ಲಿ ತಾವು ನಮ್ಮಿಂದ ತೆಗೆದುಕೊಂಡು ಹೋದ ಹಳೆಯ ಅಧ್ಯಕ್ಷರನ್ನು, ಎಲ್ಲಾದರೂ ಕಪಾಟಿನಲ್ಲಿ ಇಟ್ಟಿದ್ದರೆ, ಧೂಳು ಒರೆಸದೆಯೇ ಮರಳಿ ಕಳಿಸಿಕೊಡಿ; ಸಾಗಣೆಯಲ್ಲಿ ಸ್ವಲ್ಪ ಗೀರು ಬಿದ್ದರೂ ಅಡ್ಡಿಯಿಲ್ಲ, ಬಣ್ಣದ ವಿಭಾಗದವರು ಸರಿಮಾಡುತ್ತಾರೆ. ಬಣ್ಣದ ವಿಭಾಗದ ಮಾತು ಬಂದದ್ದರಿಂದ ಇದನ್ನೂ ಕೇಳಿಬಿಡುತ್ತೇನೆ: ಅಲ್ಲಿಯ ಬಣ್ಣ ಒಣಗಿಸುವ ಒಲೆಗೆ ಅದರದೇ ಒಂದು ಹಟವಿದೆ, ಎಡಗಡೆ ಜಾಸ್ತಿ ಕಾಯುತ್ತದೆ, ಎಷ್ಟು ಹೊತ್ತಿಗೆ ಬ್ಲೇಡನ್ನು ತಿರುಗಿಸಬೇಕೆಂಬುದು ಮೂವತ್ತೊಂದು ವರ್ಷದಿಂದ ವೇಯ್ನನ ಮೂಗಿಗೆ ಮಾತ್ರ ಗೊತ್ತು. ಶುಕ್ರವಾರದ ನಂತರ ಆ ಒಲೆಯ ಒಳಮನಸ್ಸನ್ನು ತಾವೇ ಬಂದು ಅರಿತು ನಮಗೆ ವರದಿ ಒಪ್ಪಿಸಬೇಕು. ಹೆಸರು ಬೇಡ, ನಂಬರು ಸಾಕು. ಜಿಲ್ಲೆಯ ರಸ್ತೆ ಇಲಾಖೆಯವರು ಬ್ಲೇಡು ಎಲ್ಲಿ ಎಂದು ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದಾರೆ. ಬ್ಲೇಡಿನ ಬದಲು ನಮ್ಮ ಅಧ್ಯಕ್ಷರ ಆತ್ಮಜ್ಞಾನವನ್ನು ಲಾರಿಯ ಮುಂದೆ ಕಟ್ಟಿಕೊಂಡು ಹಿಮ ತಳ್ಳಬಹುದೆಂದು ಅವರಿಗೊಂದು ಪ್ರಮಾಣಪತ್ರ ಬರೆದುಕೊಡಿ.

ಇನ್ನೊಂದು. ಬರುವ ಹದಿನಾಲ್ಕು, ಹದಿನೈದರಂದು ನಮ್ಮೆಲ್ಲರಿಗೂ ಒಳಮನಸ್ಸಿನ ಶಿಬಿರವನ್ನು ತಾವು ಗೊತ್ತುಮಾಡಿದ್ದೀರಿ, ಹಾಜರಿ ಕಡ್ಡಾಯವೆಂದು ಸುತ್ತೋಲೆ ನನ್ನ ಕೈಯಿಂದಲೇ ಹೋಗಿದೆ. ನವೆಂಬರ್ ಹದಿನೈದು ಜಿಂಕೆ ಬೇಟೆಯ ಮೊದಲ ದಿನ. ಅಂದು ಇಲ್ಲಿಯ ಶಾಲೆಗಳಿಗೆ ರಜೆ, ನಮ್ಮ ಪಾದ್ರಿಗಳು ಕೂಡ ಸಿಗುವುದಿಲ್ಲ, ಆ ದಿನ ಸತ್ತವರನ್ನು ಹದಿನೇಳಕ್ಕೆ ಮಣ್ಣು ಮಾಡುತ್ತಾರೆ. ಕಂಪನಿಯ ಎಪ್ಪತ್ತು ವರ್ಷದಲ್ಲಿ ಆ ದಿನ ಯಾರೂ ಸಭೆ ಕರೆದದ್ದಿಲ್ಲ. ತಾವು ದೊಡ್ಡ ಮನಸ್ಸು ಮಾಡಿ ಜಿಂಕೆಗಳನ್ನೂ ಸಂಪರ್ಕಿಸಿ, ಕಾಡಿನೊಳಗೆ ಅಲ್ಲಾಡುವುದನ್ನು ಎರಡು ದಿನ ಮುಂದೂಡುವಂತೆ ಅವುಗಳ ಮನವೊಲಿಸಬೇಕು.

ಕೊನೆಯದು ಬೇಡಿಕೆಯಲ್ಲ, ಅರಿಕೆ. ಆ ಮಾತನ್ನು ನಂಬರಿನ ಹಿಂದೆ ಅಡಗಿ ಆಡಿದ್ದು ನನ್ನ ತಪ್ಪು. ಮಾತು ತಪ್ಪಲ್ಲ, ಅಡಗಿದ್ದು ತಪ್ಪು. ಇಪ್ಪತ್ತಾರು ವರ್ಷ ಅಧ್ಯಕ್ಷರ ಎದುರು ಕುಳಿತವಳು ಎದುರಿಗೇ ಹೇಳಬಹುದಿತ್ತು. ಆಮೇಲೆ ಹತ್ತು ದಿನ, ನನಗಾಗಿ ಒಬ್ಬನು ಬಾಯಿ ಮುಚ್ಚಿಕೊಂಡಿದ್ದಾನೆಂದು ತಿಳಿದೂ ನಾನು ಬಾಯಿ ಮುಚ್ಚಿಕೊಂಡಿದ್ದೆ, ಒಂದು ಫೋನ್ ಕರೆಯನ್ನು ಬಿಟ್ಟು. ಅದೂ ತಮ್ಮಿಂದ ಹೇಳಿಸೋಣವೆಂಬ ಹೇಡಿತನದ್ದೇ. ಕೋಣೆಯೊಳಗೆ ಮೆಲ್ಲಗೆ ಹೇಳಿದ ನಿಜಕ್ಕೆ ಒಂದು ಲೋಟ ನೀರಷ್ಟೇ ಸಿಗುತ್ತದೆಂದು ನಿನ್ನೆ ಗೊತ್ತಾಯಿತು. ಅದಕ್ಕೇ ಇದನ್ನು ಗೋಡೆಗೆ ಅಂಟಿಸುತ್ತಿದ್ದೇನೆ. ಕ್ಯಾಂಪಿನಲ್ಲಿ ಆ ಮಾತನ್ನು ನನ್ನ ಬಾಯಿಂದ ಕೇಳಿದ ಹನ್ನೆರಡು ಜನ ಈ ಊರಿನಲ್ಲಿದ್ದಾರೆ. ಅವರಲ್ಲಿ ಐವರು ಇದೇ ಕಾರ್ಖಾನೆಯಲ್ಲಿದ್ದಾರೆ, ಈ ಪತ್ರವನ್ನು ಓದುತ್ತಾ ಈಗ ಇದೇ ಗೋಡೆಯ ಮುಂದೆ ನಿಂತಿರಬಹುದು. ಅಧ್ಯಕ್ಷರು ಅವರನ್ನು ಕೇಳಲಿ. ಎಲ್ಲರಿಗೂ ಒಟ್ಟಿಗೆ 'ಕಾಪಾಡುವವರು' ಎಂದು ಹೆಸರಿಡುವುದಾದರೆ ಇಡಲಿ.

ವೇಯ್ನ್ ಕಿವೆಲಾ ಒಂದು ಮಾತೂ ಆಡಿಲ್ಲ. ಆಡಿದವಳು ನಾನು. ತಮ್ಮ ವರದಿಯಲ್ಲಿ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ.

ಇದುವರೆಗೆ ನಂಬರಾಗಿದ್ದು, ಇಂದಿನಿಂದ ಹೆಸರಾಗಿರುವ,
ತಮ್ಮ ವಿಶ್ವಾಸಿ,
ಲೋರ್ನಾ ಹಕಾಲಾ

ತಾಜಾ ಕಲಂ: ಇದನ್ನು ಬೆಳಿಗ್ಗೆ ಆರಕ್ಕೆ ಗೋಡೆಗೆ ಅಂಟಿಸಿ, ತಮ್ಮ ಪ್ರತಿಯನ್ನು ಲಕೋಟೆಗೆ ಹಾಕುವಷ್ಟರಲ್ಲಿ ಅಧ್ಯಕ್ಷರು ಬಂದು ಓದಿಬಿಟ್ಟರು. ನಿಂತೇ ಓದಿದರು, ಎರಡು ಸಲ. ಪಕ್ಕದಲ್ಲಿದ್ದ ಕರ್ಟಿಸ್‌ನನ್ನು "ನಿಜಾನಾ?" ಎಂದು ಕೇಳಿದರು. ಅವನು, "ಆ ರೇಡಿಯೇಟರ್ ಬೆಸುಗೆ ಹಾಕಿದ್ದು ನಾನೇ" ಅಂದ. ಆಮೇಲೆ ನನ್ನನ್ನು ಕರೆದು, ನನ್ನ ಧೈರ್ಯಕ್ಕೆ ಕೃತಜ್ಞತೆ ಸಲ್ಲಿಸಿ, ಎರಡು ಪತ್ರ ಟೈಪು ಮಾಡಲು ಹೇಳಿದರು: ವೇಯ್ನನನ್ನು ಉಳಿಸಿಕೊಳ್ಳುವುದು ಒಂದು, ನನ್ನನ್ನು ಬಿಡುಗಡೆ ಮಾಡುವುದು ಇನ್ನೊಂದು. ವೇಯ್ನನದನ್ನು ಮೊದಲು ಮುಗಿಸಿ, ಸಹಿ ಹಾಕಿಸಿ, ಮೊಹರು ಒತ್ತಿ, ನಾನೇ ಬಣ್ಣದ ವಿಭಾಗಕ್ಕೆ ನಡೆದು ಹೋಗಿ ಅವನ ಕೈಗೆ ಕೊಟ್ಟು ಬಂದೆ. ನನ್ನದರಲ್ಲಿ 'ಕಾರಣ' ಎಂಬ ಜಾಗವನ್ನು ಅವರು ಖಾಲಿ ಬಿಟ್ಟಿದ್ದರು. ಅಲ್ಲಿ 'ನಿಜ ಹೇಳಿದ್ದಕ್ಕೆ' ಎಂದು ಟೈಪು ಮಾಡಿ ಸಹಿಗೆ ಇಟ್ಟಿದ್ದೇನೆ. ಒಂದು ಗಂಟೆಯಿಂದ ಪೆನ್ನು ಹಿಡಿದುಕೊಂಡು ಆ ಹಾಳೆಯನ್ನೇ ನೋಡುತ್ತಾ ಕುಳಿತಿದ್ದಾರೆ. ಏಳು ತಿಂಗಳಲ್ಲಿ ಅವರು ನಿಜವಾಗಿ ತಮ್ಮೊಳಗೆ ನೋಡಿಕೊಳ್ಳುತ್ತಿರುವ ಮೊದಲ ಗಂಟೆ ಇದು; ಇದಕ್ಕೆ ಮಾತ್ರ ತಾವು ಬಿಲ್ಲು ಕಳಿಸಬಾರದು.